ಬಾಲಪ್ರತಿಭೆ ಮತ್ತು ಭಾವಕ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯಿಂದ ಒಂದು ವಿಮರ್ಶೆ

'ಪ್ರತಿಭಾ ಪುರಸ್ಕಾರ' ಎಂಬುದು ಹಿಂದೂಪುರದ ಎರಡೂ ಭಾಷೆಗಳಲ್ಲಿ ಒಂದೇ ರೂಪದಲ್ಲಿ ಬಳಕೆಯಲ್ಲಿರುವ ಮಾತು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಶಾಲೆಗಳೂ ಸಮುದಾಯದ ಸಂಘಗಳೂ ನಡೆಸುವ ಸಭೆಗಳಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು, ಹಾರ, ಫಲಕಗಳು ಸಲ್ಲುತ್ತವೆ. ಆಹ್ವಾನ ಪತ್ರಿಕೆ ಕನ್ನಡದಲ್ಲಿರಲಿ, ತೆಲುಗಿನಲ್ಲಿರಲಿ, ಮೇಲಿನ ಸಾಲಿನ ಈ ಮಾತು ಬದಲಾಗುವುದಿಲ್ಲ. ಎರಡು ಭಾಷೆಗಳೂ ಸಂಸ್ಕೃತದಿಂದ ಪಡೆದ 'ಪ್ರತಿಭೆ' ಎಂಬ ಪದಕ್ಕೆ ಕಾವ್ಯಮೀಮಾಂಸೆಯಲ್ಲಿ ಸಾವಿರ ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಪ್ರತಿಭೆಯೆಂದರೆ ಹೊಸದನ್ನು ಕಾಣಬಲ್ಲ, ಕಂಡಷ್ಟಕ್ಕೇ ನಿಲ್ಲದೆ ಮತ್ತೆ ಮತ್ತೆ ಅರಳಬಲ್ಲ ಪ್ರಜ್ಞೆ. ಪುರಸ್ಕಾರದ ಸಭೆಯಲ್ಲಿ ಅದೇ ಪದ ಮೊದಲೇ ನಿಗದಿಯಾಗಿರುವ ಉತ್ತರವನ್ನು ತಪ್ಪಿಲ್ಲದೆ ಬರೆದ ಸಾಮರ್ಥ್ಯಕ್ಕೆ ಸಲ್ಲುತ್ತದೆ. ಆ ಸಾಮರ್ಥ್ಯ ಹೀಗಳೆಯತಕ್ಕದ್ದಲ್ಲ. ಆದರೆ ಒಂದೇ ಹೆಸರು ಎರಡು ಬೇರೆ ಗುಣಗಳಿಗೆ ನಿಂತಾಗ ಅವುಗಳಲ್ಲಿ ಒಂದು ಕಣ್ಮರೆಯಾಗುತ್ತದೆ. ಕಣ್ಮರೆಯಾಗುವುದು ಯಾವಾಗಲೂ ಎಣಿಕೆಗೆ ಸಿಗದ ಗುಣವೇ.

ಅಸಾಧಾರಣ ಸಾಮರ್ಥ್ಯದ ಮಕ್ಕಳನ್ನು ಕುರಿತ ಆಧುನಿಕ ಮನೋವಿಜ್ಞಾನಕ್ಕೂ ಪ್ರತಿಭೆಯನ್ನು ಕುರಿತ ಭಾರತೀಯ ಕಾವ್ಯಚಿಂತನೆಗೂ ನಡುವೆ ಹೋಲಿಕೆಗಳನ್ನು ತೋರಿಸುವುದು ಕಷ್ಟವಲ್ಲ. ಕಷ್ಟವಾದದ್ದು ಆ ಹೋಲಿಕೆಯನ್ನು ಒಂದು ನೆಲದ ಮೇಲೆ ನಿಲ್ಲಿಸಿ ಪರೀಕ್ಷಿಸುವುದು. ದಕ್ಷಿಣಕ್ಕೆ ಗೌರಿಬಿದನೂರನ್ನು ಮುಟ್ಟಿಕೊಂಡಿರುವ ಹಿಂದೂಪುರವೂ ಪಾವಗಡದ ಬೆನ್ನಿಗಿರುವ ಕಲ್ಯಾಣದುರ್ಗವೂ ಅಂಥ ಪರೀಕ್ಷೆಗೆ ತಕ್ಕ ನೆಲ. ನೊಳಂಬರ ಹೆಂಜೇರು ಇಂದಿನ ಹೇಮಾವತಿಯಾಗಿ ಈ ಸೀಮೆಯಲ್ಲೇ ಇದೆ. ಲೇಪಾಕ್ಷಿಯ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆಯಾಡುವುದು ಇಲ್ಲಿನ ಮಕ್ಕಳಿಗೆ ವಿಶೇಷವಲ್ಲ. 2022ರ ಏಪ್ರಿಲ್‌ನಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಆಡಳಿತದ ಗೆರೆಗಳು ಬದಲಾದರೂ ಮಕ್ಕಳ ಬಾಯಲ್ಲಿನ ಎರಡು ಭಾಷೆಗಳ ಸ್ಥಿತಿ ಬದಲಾಗಿಲ್ಲ. ಈ ಸೀಮೆಯನ್ನು ಮುಂದಿಟ್ಟುಕೊಂಡು ಹೇಳಬೇಕಾದ ಮಾತು ಇಷ್ಟು: ಬಾಲಪ್ರತಿಭೆ ಮಗುವೊಂದರಲ್ಲೇ ಅಡಗಿರುವ ಗುಣವಲ್ಲ, ಅದನ್ನು ಕಾಣಬಲ್ಲ ಇನ್ನೊಂದು ಪ್ರತಿಭೆ ಎದುರಿಗಿದ್ದಾಗಲೇ ಅದು ಬೆಳೆಯುತ್ತದೆ. ಆ ಎರಡನೆಯ ಪ್ರತಿಭೆಗೆ ಮಗುವಿನ ಭಾಷೆ ತಿಳಿದಿರಬೇಕು.

ರಾಜಶೇಖರನ ಎರಡು ಪ್ರತಿಭೆಗಳು

ಹತ್ತನೆಯ ಶತಮಾನದ ರಾಜಶೇಖರ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಕವಿಯನ್ನು ಕುರಿತು ಮಾತನಾಡುವ ಮೊದಲು ಶಿಷ್ಯನನ್ನು ಕುರಿತು ಮಾತನಾಡುತ್ತಾನೆ. ಸಹಜವಾಗಿಯೇ ಶಾಸ್ತ್ರವನ್ನು ಅನುಸರಿಸುವ ಬುದ್ಧಿಯವನು ಒಬ್ಬ. ಅಭ್ಯಾಸದಿಂದ ಬುದ್ಧಿಯನ್ನು ಸಂಸ್ಕರಿಸಿಕೊಳ್ಳುವವನು ಇನ್ನೊಬ್ಬ. ಇವೆರಡರಿಂದಲೂ ಹೊರತಾದವನು ಮತ್ತೊಬ್ಬ. ಪ್ರತಿಭೆಯನ್ನೂ ಅವನು ವಿಂಗಡಿಸುತ್ತಾನೆ. ರಚಿಸುವ ಪ್ರತಿಭೆ ಕಾರಯಿತ್ರಿ. ಅದರಲ್ಲಿ ಹುಟ್ಟಿನಿಂದ ಬಂದದ್ದು, ಈ ಜನ್ಮದ ಸಂಸ್ಕಾರದಿಂದ ಗಳಿಸಿದ್ದು, ಉಪದೇಶದಿಂದ ಒದಗಿದ್ದು ಎಂದು ಮೂರು ಬಗೆ. ಗ್ರಹಿಸುವ ಪ್ರತಿಭೆ ಭಾವಯಿತ್ರಿ. ಅದು ಭಾವಕನದು, ಎಂದರೆ ಸಹೃದಯನದು, ವಿಮರ್ಶಕನದು. ಭಾವಕನಿಲ್ಲದಿದ್ದರೆ ಕವಿಯ ಶ್ರಮವೆಂಬ ಮರ ಫಲವಿಲ್ಲದ ಬರಡು ಮರವಾಗುತ್ತಿತ್ತು ಎಂಬುದು ಅವನ ಮಾತಿನ ತಾತ್ಪರ್ಯ.

ರಾಜಶೇಖರನ ಈ ವಿಂಗಡಣೆಯಲ್ಲಿ ಗಮನಿಸಬೇಕಾದದ್ದು ಗ್ರಹಿಕೆಗೂ 'ಪ್ರತಿಭೆ' ಎಂಬ ಹೆಸರನ್ನೇ ಕೊಟ್ಟಿರುವುದು. ಗುರುತಿಸುವುದು ಒಂದು ಯಾಂತ್ರಿಕ ಕೆಲಸವಲ್ಲ, ಅದೂ ಸೃಷ್ಟಿಯ ಅರ್ಧ ಎಂಬ ತಿಳಿವು ಇಲ್ಲಿದೆ. ಅವನು ಭಾವಕರಲ್ಲಿ ನಾಲ್ಕು ಬಗೆಯವರನ್ನು ಹೇಳುತ್ತಾನೆ: ಯಾವುದೂ ರುಚಿಸದ ಅರೋಚಕಿ, ಹುಲ್ಲು ಕಾಳೆನ್ನದೆ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಗುಣ ಕಂಡರೂ ಒಪ್ಪದ ಮತ್ಸರಿ, ನಿಜವನ್ನು ಹಿಡಿಯಬಲ್ಲ ಅಪರೂಪದ ತತ್ತ್ವಾಭಿನಿವೇಶಿ. ಕಾವ್ಯದ ಓದುಗರಿಗಾಗಿ ಹೇಳಿದ ಈ ನಾಲ್ಕು ಮಾತುಗಳು ಮಕ್ಕಳ ಪ್ರತಿಭೆಯ ಎದುರು ನಿಲ್ಲುವ ತಂದೆತಾಯಿ, ಗುರು, ಸಭೆ, ಸಂಸ್ಥೆಗಳಿಗೂ ಹೊಂದುತ್ತವೆ.

ಮಮ್ಮಟ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನೂ ಸೇರಿಸಿ ಕಾವ್ಯಕ್ಕೆ ಒಂದೇ ಹೇತು ಎಂದು ಹೇಳಿದ್ದನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಶಿಕ್ಷಣಶಾಸ್ತ್ರಜ್ಞ ಜೋಸೆಫ್ ರೆಂಜುಲಿ 1978ರಲ್ಲಿ ಸರಾಸರಿಗೆ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸದಲ್ಲಿನ ನಿಷ್ಠೆ ಎಂಬ ಮೂರು ವೃತ್ತಗಳು ಕೂಡುವಲ್ಲಿ ಅಸಾಧಾರಣತೆ ಇದೆಯೆಂದು ವಾದಿಸಿದ. ಎರಡೂ ಕಡೆ ಮೂರು ಅಂಶಗಳು, ಎರಡೂ ಕಡೆ ಅವುಗಳ ಕೂಡುವಿಕೆ. ಇಷ್ಟನ್ನು ಕಂಡು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ತೃಪ್ತಿಪಡುವುದು ತೌಲನಿಕ ಅಧ್ಯಯನಕ್ಕೆ ಸಲ್ಲದ ಸುಲಭದ ದಾರಿ. ಮಮ್ಮಟನ ಮುಂದಿದ್ದದ್ದು ಸಿದ್ಧವಾದ ಕಾವ್ಯ. ರೆಂಜುಲಿಯ ಮುಂದಿದ್ದದ್ದು ಇನ್ನೂ ಏನೂ ಮಾಡಿರದ ಮಗು ಮತ್ತು ಅದಕ್ಕೆ ಏನು ಒದಗಿಸಬೇಕೆಂಬ ಶಾಲೆಯ ಪ್ರಶ್ನೆ. ಸಿದ್ಧ ಕೃತಿಯಿಂದ ಹಿಂದಕ್ಕೆ ನಡೆದು ಪ್ರತಿಭೆಯನ್ನು ಊಹಿಸುವುದು ಒಂದು. ಮಗುವಿನಿಂದ ಮುಂದಕ್ಕೆ ನಡೆದು ಅದನ್ನು ನಿರೀಕ್ಷಿಸುವುದು ಇನ್ನೊಂದು. ಎರಡನೆಯ ಕೆಲಸದಲ್ಲಿ ಭಾವಕನ ಹೊಣೆ ಹೆಚ್ಚು, ತಪ್ಪುವ ಸಂಭವವೂ ಹೆಚ್ಚು.

ಕಥೆಯೊಳಗಿನ ಭಾವಕರು

ಆಧುನಿಕ ಕನ್ನಡ ಸಾಹಿತ್ಯ ಈ ತಪ್ಪುವಿಕೆಯನ್ನು ಚೆನ್ನಾಗಿ ಬಲ್ಲದು. ಮಾಸ್ತಿಯವರ 'ಸುಬ್ಬಣ್ಣ' ಸಂಗೀತಗಾರನ ಕಥೆಯೆಂದು ಹೆಸರಾಗಿದೆ. ಅದು ಗುರುತು ಸಿಗದ ಬಾಲಪ್ರತಿಭೆಯ ಕಥೆಯೂ ಹೌದು. ಮೈಸೂರರಮನೆಯ ಆಶ್ರಯದಲ್ಲಿ ಪುರಾಣ ಹೇಳುವ ತಂದೆಗೆ ಮಗ ತನ್ನಂತೆ ಶಾಸ್ತ್ರ ಓದಬೇಕೆಂಬ ಆಸೆ. ಮಗನ ಒಲವೆಲ್ಲ ಸಂಗೀತದ ಕಡೆ. ತಂದೆ ದುಷ್ಟನಲ್ಲ, ಅವಿದ್ಯಾವಂತನೂ ಅಲ್ಲ. ವಿದ್ಯೆಯುಳ್ಳವನಾದ್ದರಿಂದಲೇ ವಿದ್ಯೆಯೆಂದರೆ ಹೇಗಿರಬೇಕೆಂಬ ಚಿತ್ರ ಅವನಲ್ಲಿ ಗಟ್ಟಿಯಾಗಿದೆ. ಸಭೆಯಲ್ಲಿ ದನಿಯೆತ್ತಿ ಪುರಾಣ ಹೇಳಿ ಬದುಕುವವನಿಗೆ ಮನೆಯಲ್ಲಿನ ದನಿ ಕೇಳುವುದಿಲ್ಲ. ರಾಜಶೇಖರನ ಮಾತಿನಲ್ಲಿ ಅವನು ಅರೋಚಕಿ. ಮಗ ಮನೆ ಬಿಟ್ಟು ಹೋಗುವುದು ಕಥೆಯ ಮುಂದಿನ ನಡೆ. ಮಾಸ್ತಿ ತಂದೆಯನ್ನು ದಂಡಿಸುವುದಿಲ್ಲ. ತಪ್ಪು ಒಬ್ಬ ವ್ಯಕ್ತಿಯದಲ್ಲ, ಒಂದು ಬಗೆಯ ವಿದ್ಯೆ ತನ್ನನ್ನೇ ವಿದ್ಯೆಯ ಅಳತೆಗೋಲಾಗಿ ಮಾಡಿಕೊಂಡದ್ದು ತಪ್ಪು ಎಂಬಂತೆ ಕಥೆಯನ್ನು ನಡೆಸುತ್ತಾರೆ.

ಕುವೆಂಪು ಅವರ 'ಬೆರಳ್‌ಗೆ ಕೊರಳ್' (1947) ಏಕಲವ್ಯನ ಕಥೆಯನ್ನು ತೆಗೆದುಕೊಂಡ ನಾಟಕ. ಇಲ್ಲಿ ಸನ್ನಿವೇಶ ಇನ್ನೂ ಕ್ರೂರ. ದ್ರೋಣನಿಗೆ ಏಕಲವ್ಯನ ಪ್ರತಿಭೆ ಕಾಣದೆ ಹೋಗುವುದಿಲ್ಲ, ಚೆನ್ನಾಗಿ ಕಾಣುತ್ತದೆ. ಕಂಡದ್ದರಿಂದಲೇ ಬೆರಳು ಹೋಗುತ್ತದೆ. ಮತ್ಸರ ಅರ್ಜುನನದು, ಕೊಟ್ಟ ಮಾತಿನ ಭಾರ ಗುರುವಿನದು, ನಷ್ಟ ಹೊರಗೆ ನಿಂತು ಕಲಿತ ಹುಡುಗನದು. ಸಂಸ್ಥೆಯ ಹೊರಗೆ ಬೆಳೆದ ಸಾಮರ್ಥ್ಯವನ್ನು ಸಂಸ್ಥೆ ಗುರುತಿಸುವ ಕ್ಷಣವೇ ಅದನ್ನು ಕತ್ತರಿಸುವ ಕ್ಷಣವೂ ಆಗಬಹುದೆಂಬುದನ್ನು ಈ ಕಥೆಯಷ್ಟು ನೇರವಾಗಿ ಹೇಳುವ ಇನ್ನೊಂದು ಕಥೆ ನಮ್ಮಲ್ಲಿಲ್ಲ. ಮನೆಮಾತನ್ನು ಹೊರಗಿಟ್ಟು ಒಳಗೆ ಬಾ ಎನ್ನುವ ವಿದ್ಯಾಲಯಗಳ ಎದುರು ನಿಂತ ಮಕ್ಕಳಿಗೆ ಈ ಕಥೆ ಪುರಾಣವಾಗಿ ಉಳಿದಿಲ್ಲ.

ಎಲ್ಲವನ್ನೂ ನುಂಗುವ ಭಾವಕನೂ ಅಪಾಯಕಾರಿಯೇ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ ಸರ್ಕಸ್ಸಿನಲ್ಲಿ ದುಡಿಯುತ್ತಿದ್ದ ತಂದೆಯ ಜೊತೆ ಚಿಕ್ಕಂದಿನಿಂದಲೇ ಲೆಕ್ಕದ ಪ್ರದರ್ಶನಗಳಲ್ಲಿ ತೊಡಗಿದರು. ಕ್ರಮವಾದ ಶಾಲಾ ಶಿಕ್ಷಣ ಅವರಿಗೆ ದೊರೆಯಲಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ್ದು ದಾಖಲೆಯಾಯಿತು. ಮನೋವಿಜ್ಞಾನಿ ಆರ್ಥರ್ ಜೆನ್ಸನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರಳ ಪ್ರತಿಕ್ರಿಯೆಯ ವೇಗವನ್ನು ಅಳೆಯುವ ಪರೀಕ್ಷೆಗಳಲ್ಲಿ ಅವರು ಸಾಮಾನ್ಯರಿಗಿಂತ ಬಹಳ ಬೇರೆಯಾಗಿರಲಿಲ್ಲ. ಸಂಖ್ಯೆಗಳೊಂದಿಗಿನ ಬಾಲ್ಯದ ನಿರಂತರ ಒಡನಾಟವೇ ಆ ಸಾಮರ್ಥ್ಯಕ್ಕೆ ಆಧಾರವಾಗಿರಬೇಕೆಂಬ ವಿವರಣೆಗೆ ಇದರಿಂದ ಬಲ ಬಂತು. ವೇದಿಕೆಯ ಮುಂದಿನ ಸಭೆಗೆ ಆ ಒಡನಾಟದ ಕುತೂಹಲವಿರಲಿಲ್ಲ. ಫಲ ಕಂಡು ಚಪ್ಪಾಳೆ ತಟ್ಟಿತು. ಚಪ್ಪಾಳೆ ಸಿಕ್ಕ ಮಗುವಿಗೆ ಶಾಲೆ ಸಿಗಲಿಲ್ಲವೆಂಬ ಸಂಗತಿ ಆ ಸದ್ದಿನಲ್ಲಿ ಮುಚ್ಚಿಹೋಯಿತು.

ಇದಕ್ಕೆ ಎದುರಾಗಿ ಅವಧಾನ ಕಲೆಯನ್ನು ಇಡಬಹುದು. ಕನ್ನಡ, ತೆಲುಗು ಎರಡರಲ್ಲೂ ಬೆಳೆದ ಆ ಕಲೆಯಲ್ಲಿ ಅವಧಾನಿಯ ಧಾರಣಶಕ್ತಿ ಎಷ್ಟು ಮುಖ್ಯವೋ ಪೃಚ್ಛಕರ ವಿದ್ವತ್ತೂ ಅಷ್ಟೇ ಮುಖ್ಯ. ಪ್ರಶ್ನೆ ಕೇಳುವವನಿಗೆ ಛಂದಸ್ಸು ತಿಳಿಯದಿದ್ದರೆ ಉತ್ತರಿಸುವವನ ಸಾಮರ್ಥ್ಯ ಹೊರಬೀಳುವುದೇ ಇಲ್ಲ. ಪರೀಕ್ಷಕನೂ ವೇದಿಕೆಯ ಮೇಲೆ ಪರೀಕ್ಷೆಗೆ ಒಳಗಾಗುವ ವ್ಯವಸ್ಥೆ ಅದು. ಇಂದಿನ ಆಯ್ಕೆ ಪರೀಕ್ಷೆಗಳಲ್ಲಿ ಇಲ್ಲದಿರುವುದು ಈ ಪರಸ್ಪರತೆ.

ಕಲ್ಯಾಣದುರ್ಗದಿಂದ ಮೈಸೂರಿಗೆ

ತತ್ತ್ವಾಭಿನಿವೇಶಿ ಎದುರಾದಾಗ ಏನಾಗುತ್ತದೆಂಬುದಕ್ಕೆ ಈ ಸೀಮೆಯೇ ಒಂದು ಉದಾಹರಣೆ ಕೊಟ್ಟಿದೆ. ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು 1893ರ ಜನವರಿ 23ರಂದು ಕಲ್ಯಾಣದುರ್ಗದ ಕಡೆಯ, ಕಂಬದೂರಿನ ಬಳಿಯ ರಾಳ್ಲಪಲ್ಲಿಯಲ್ಲಿ ಹುಟ್ಟಿದರು. ಮನೆಮಾತು ತೆಲುಗು. ತಂದೆ ಕೃಷ್ಣಮಾಚಾರ್ಯರಿಂದ ಸಂಸ್ಕೃತ ಮತ್ತು ತೆಲುಗಿನ ಪಾಠ, ತಾಯಿ ಅಲಮೇಲುಮಂಗಮ್ಮನವರಿಂದ ಹಾಡು. ಸುಬ್ಬಣ್ಣನ ಮನೆಯಲ್ಲಿ ಒಂದನ್ನೊಂದು ಸಹಿಸದಿದ್ದ ಶಾಸ್ತ್ರ ಮತ್ತು ಸಂಗೀತ ಈ ಮನೆಯಲ್ಲಿ ತಂದೆತಾಯಿಯರ ರೂಪದಲ್ಲಿ ಒಟ್ಟಿಗೆ ಬದುಕಿದ್ದವು. ಹುಡುಗ ಮೈಸೂರಿಗೆ ಬಂದು ಪರಕಾಲ ಮಠದ ಕೃಷ್ಣಬ್ರಹ್ಮತಂತ್ರ ಸ್ವಾಮಿಗಳಲ್ಲಿ ಓದಿದ. ಆ ಸ್ವಾಮಿಗಳು 'ಅಲಂಕಾರಮಣಿಹಾರ'ವೆಂಬ ಅಲಂಕಾರಶಾಸ್ತ್ರ ಗ್ರಂಥವನ್ನು ರಚಿಸಿದವರು. ಭಾವಯಿತ್ರಿ ಪ್ರತಿಭೆಯೆಂದರೇನೆಂದು ಪುಸ್ತಕದಿಂದಲೂ ಬದುಕಿನಿಂದಲೂ ಬಲ್ಲವರು. ಸಂಗೀತದಲ್ಲಿ ಬಿಡಾರಂ ಕೃಷ್ಣಪ್ಪನವರ ಮಾರ್ಗದರ್ಶನ ದೊರೆಯಿತು. ತೆಲುಗಿನ ಆಧುನಿಕ ವಿಮರ್ಶೆಗೆ ತಳಪಾಯ ಹಾಕಿದವರಲ್ಲಿ ಒಬ್ಬರಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಆಗ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದರು. ಅವರ ಕಣ್ಣಿಗೆ ಬಿದ್ದ ಶರ್ಮರು 1912ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೇ ಕಾಲೇಜಿನ ತೆಲುಗು ಪಂಡಿತರಾದರು. 1949ರವರೆಗೆ ಅಲ್ಲಿಯೇ ದುಡಿದರು.

ಈ ವೃತ್ತಾಂತದಲ್ಲಿ ಸಾಮಾನ್ಯವಾಗಿ ಹೊಗಳಿಕೆಗೆ ಒಳಗಾಗುವುದು ಹುಡುಗನ ಅಸಾಧಾರಣತೆ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ. ಕನ್ನಡದ ರಾಜಧಾನಿಯಲ್ಲಿ ತೆಲುಗಿಗೆ ಒಂದು ಪೀಠವಿತ್ತೆಂಬುದು ಇಲ್ಲಿ ನಿರ್ಣಾಯಕ. ಮೈಸೂರು ಈ ಯುವಕನಿಗೆ ತನ್ನ ಭಾಷೆಯನ್ನು ಗಡಿಯಲ್ಲಿ ಇಳಿಸಿ ಬಾ ಎಂದು ಹೇಳಲಿಲ್ಲ. ಕನ್ನಡವನ್ನು ಕಲಿಯುವುದಕ್ಕೆ ಅವರು ತೆಲುಗನ್ನು ತೆರಬೇಕಾಗಿ ಬರಲಿಲ್ಲ. ಅದರ ಫಲವನ್ನು ಎರಡು ಭಾಷೆಗಳೂ ಉಂಡವು. ತೆಲುಗಿಗೆ ವೇಮನನನ್ನು ಕುರಿತ ಉಪನ್ಯಾಸಗಳು ದೊರೆತವು. ಕನ್ನಡಕ್ಕೆ 'ಗಾನಕಲೆ', 'ಸಾಹಿತ್ಯ ಮತ್ತು ಜೀವನ ಕಲೆ' ಎಂಬ ಕೃತಿಗಳು ದೊರೆತವು.

ಶರ್ಮರ ಬದುಕಿನ ಎರಡನೆಯ ಭಾಗ ಬಾಲಪ್ರತಿಭೆಯನ್ನು ಕುರಿತ ಇನ್ನೊಂದು ರೂಢಿಯ ನಂಬಿಕೆಯನ್ನೂ ಪ್ರಶ್ನಿಸುತ್ತದೆ. ನಿವೃತ್ತಿಯ ನಂತರ ಅವರು ತಿರುಪತಿಗೆ ಹೋಗಿ, ತಾಮ್ರಪಟಗಳಲ್ಲಿ ಉಳಿದಿದ್ದ ತಾಳ್ಳಪಾಕ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಕೂಡಿಸುವ ಕೆಲಸದಲ್ಲಿ ತೊಡಗಿದರು. ಇಂದು ಸಂಗೀತ ಲೋಕ ಅವರನ್ನು ನೆನೆಯುವುದು ಮುಖ್ಯವಾಗಿ ಈ ಕೆಲಸಕ್ಕಾಗಿ. ಮದರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಗೌರವ 1974ರಲ್ಲಿ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಐವತ್ತಾರರ ಆಚೆಗೆ ಮಾಡಿದ ಈ ಕಾರ್ಯ ಸ್ವಭಾವತಃ ಭಾವಯಿತ್ರಿ ಪ್ರತಿಭೆಯದು: ಶತಮಾನಗಳ ಹಿಂದಿನ ಇನ್ನೊಬ್ಬನ ಪದಗಳಲ್ಲಿ ಅಡಗಿದ್ದ ನಾದವನ್ನು ಕೇಳಿ ಗುರುತಿಸುವುದು. ಬಾಲ್ಯದಲ್ಲಿ ತನ್ನನ್ನು ಗುರುತಿಸಿದವರಿಂದ ಪಡೆದ ಸಾಲವನ್ನು ಅವರು ವೃದ್ಧಾಪ್ಯದಲ್ಲಿ ಹೀಗೆ ತೀರಿಸಿದರೆಂದರೆ ತಪ್ಪಾಗದು. ತಾಯಿಯ ಹಾಡಿಗೂ ತಿರುಪತಿಯ ಸ್ವರಲಿಪಿಗೂ ನಡುವೆ ಅರ್ಧ ಶತಮಾನದ ಅಂತರವಿದೆ. ಆ ಅಂತರವನ್ನು ಹತ್ತನೆಯ ವಯಸ್ಸಿನಲ್ಲಿ ಅಳೆಯಬಲ್ಲ ಪರೀಕ್ಷೆ ಯಾವುದೂ ಇಲ್ಲ.

ಅಳತೆಗೋಲಿನ ಭಾಷೆ

ಶರ್ಮರು ತೆಲುಗು ಕಲಿಸುತ್ತಿದ್ದ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ 1924ರಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದವರು. ಬುದ್ಧಿಯ ಎಲ್ಲ ವ್ಯಾಪಾರಗಳ ಹಿಂದೆ ಒಂದು ಸಾಮಾನ್ಯ ಶಕ್ತಿಯಿದೆ ಎಂಬುದು ಸ್ಪಿಯರ್‌ಮನ್ನರ ಪ್ರಸಿದ್ಧ ವಾದ. ಅತ್ತ ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಇಂದಿಗೂ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಬುದ್ಧಿಯನ್ನು ಕನ್ನಡದಲ್ಲಿ ಪ್ರಶ್ನಿಸಿ ಅಳೆಯಬಹುದೆಂದು ತೋರಿಸಿದ್ದು ಈ ಪರೀಕ್ಷೆಯ ದೊಡ್ಡ ಸಾಧನೆ. ಅಳತೆಗೋಲಿಗೂ ಒಂದು ಮಾತೃಭಾಷೆ ಬೇಕೆಂಬ ಒಪ್ಪಿಗೆ ಅದರಲ್ಲಿದೆ. ಆದರೆ ಕನ್ನಡದ ಮಗು, ಮರಾಠಿಯ ಮಗು ಎಂಬ ವಿಂಗಡಣೆ ಪ್ರತಿ ಮಗುವಿಗೂ ಒಂದೇ ಭಾಷೆಯೆಂಬ ಊಹೆಗೆ ಎಡೆಗೊಡುತ್ತದೆ. ಗಡಿಸೀಮೆಯ ಮಗು ಆ ಊಹೆಗೆ ಹೊಂದುವುದಿಲ್ಲ.

ಹೊಂದದ ಮಗುವನ್ನು ಮನೋವಿಜ್ಞಾನ ಬಹುಕಾಲ ಮಂದವೆಂದೇ ಓದಿತು. ವೇಲ್ಸಿನ ಶಾಲಾಮಕ್ಕಳನ್ನು ಪರೀಕ್ಷಿಸಿದ ಡಿ.ಜೆ. ಸೇಯರ್ 1923ರಲ್ಲಿ ಗ್ರಾಮೀಣ ದ್ವಿಭಾಷಿಕ ಮಕ್ಕಳು ಏಕಭಾಷಿಕರಿಗಿಂತ ಹಿಂದಿದ್ದಾರೆಂದು ವರದಿ ಮಾಡಿದರು. ಈ ತೀರ್ಮಾನ ಅಲುಗಾಡಿದ್ದು 1962ರಲ್ಲಿ, ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಮಾಂಟ್ರಿಯಲ್ಲಿನ ಹತ್ತು ವರ್ಷದ ಮಕ್ಕಳ ಅಧ್ಯಯನವನ್ನು ಪ್ರಕಟಿಸಿದಾಗ. ಕುಟುಂಬದ ಆರ್ಥಿಕ ಸ್ಥಿತಿಯನ್ನು ಗಣನೆಗೆ ತೆಗೆದುಕೊಂಡು, ಎರಡೂ ಭಾಷೆಗಳಲ್ಲಿ ಸಮನಾಗಿ ನುರಿತ ಮಕ್ಕಳನ್ನು ಆರಿಸಿಕೊಂಡಾಗ ದ್ವಿಭಾಷಿಕರೇ ಮುಂದಿದ್ದರು. ಒಡಿಶಾದ ಕೊಂದ ಸಮುದಾಯದಲ್ಲಿ ಅಜಿತ್ ಮೊಹಾಂತಿ ನಡೆಸಿದ ಅಧ್ಯಯನಗಳು ಇನ್ನೂ ಹತ್ತಿರದ ಸಾಕ್ಷ್ಯ: ಒಂದೇ ಸಮುದಾಯದೊಳಗೆ ಕುಯಿ ಮತ್ತು ಒಡಿಯಾ ಎರಡನ್ನೂ ಉಳಿಸಿಕೊಂಡ ಮಕ್ಕಳು ಒಡಿಯಾ ಒಂದನ್ನೇ ಆಡುವ ಮಕ್ಕಳಿಗಿಂತ ಭಾಷೆಯನ್ನು ಕುರಿತು ಯೋಚಿಸುವ ಸಾಮರ್ಥ್ಯದಲ್ಲಿ ಮುಂದಿದ್ದರು. ವೇಲ್ಸಿನಿಂದ ಒಡಿಶಾದವರೆಗೆ ಮಕ್ಕಳ ಸ್ವಭಾವ ಬದಲಾದದ್ದಲ್ಲ. ನೋಡುವ ಕಣ್ಣು ಬದಲಾಯಿತು.

ಅಳತೆಗೋಲು ತಪ್ಪುವುದು ದ್ವಿಭಾಷಿಕರ ವಿಷಯದಲ್ಲಿ ಮಾತ್ರವಲ್ಲ. ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭಿಸಿದ ಪ್ರಸಿದ್ಧ ಅಧ್ಯಯನ ಸಾವಿರದ ಐನೂರಕ್ಕೂ ಹೆಚ್ಚು ಅಸಾಧಾರಣ ಮಕ್ಕಳನ್ನು ಆರಿಸಿಕೊಂಡು ಅವರ ಬದುಕಿನುದ್ದಕ್ಕೂ ಹಿಂಬಾಲಿಸಿತು. ಆ ಆಯ್ಕೆಯ ಪರೀಕ್ಷೆಗೆ ಕುಳಿತು ಅಂಕ ಸಾಲದೆ ಹೊರಗುಳಿದ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಮುಂದೆ 1956ರಲ್ಲಿ ಮತ್ತು 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಟರ್ಮನ್ ಮತ್ಸರಿಯಲ್ಲ, ಅರೋಚಕಿಯೂ ಅಲ್ಲ. ಅವರ ಪ್ರಶ್ನೆಗಳ ಜಾಲದ ಕಣ್ಣುಗಳು ಒಂದು ಅಳತೆಯವು, ಅಷ್ಟೆ.

ಕೊಡಿಗೇನಹಳ್ಳಿ ಮತ್ತು ಲೇಪಾಕ್ಷಿ

ಹಿಂದೂಪುರದ ಸಮೀಪದಲ್ಲಿ ಪ್ರಭುತ್ವವೇ ಭಾವಕನ ಸ್ಥಾನದಲ್ಲಿ ನಿಂತ ಎರಡು ಪ್ರಯೋಗಗಳಿವೆ. ಗ್ರಾಮೀಣ ಪ್ರದೇಶದ ಪ್ರತಿಭಾವಂತ ಮಕ್ಕಳಿಗಾಗಿ ಆಂಧ್ರಪ್ರದೇಶ ಸರ್ಕಾರ ತೆರೆದ ವಸತಿ ಶಾಲೆಗಳಲ್ಲಿ ಮೊದಲನೆಯದು 1971ರಲ್ಲಿ, ಪಿ.ವಿ. ನರಸಿಂಹರಾವ್ ಅವರ ಆಡಳಿತದಲ್ಲಿ, ನಲ್ಗೊಂಡ ಜಿಲ್ಲೆಯ ಸರ್ವೇಲ್‌ನಲ್ಲಿ ಆರಂಭವಾಯಿತು. ಅದರ ಬೆನ್ನಿಗೆ ಕರಾವಳಿ ಆಂಧ್ರಕ್ಕೆ ತಾಡಿಕೊಂಡದಲ್ಲೂ ರಾಯಲಸೀಮೆಗೆ ಹಿಂದೂಪುರದ ಬಳಿಯ ಕೊಡಿಗೇನಹಳ್ಳಿಯಲ್ಲೂ 1972ರಲ್ಲಿ ಶಾಲೆಗಳಾದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾದ ಜವಾಹರ ನವೋದಯ ವಿದ್ಯಾಲಯಗಳಲ್ಲಿ ಒಂದು ಲೇಪಾಕ್ಷಿಯಲ್ಲಿದೆ. ಬಡ ರೈತನ ಮಗುವಿಗೆ ಊಟ, ವಸತಿ, ಪುಸ್ತಕ, ಗುರು ಎಲ್ಲವನ್ನೂ ಒಂದೆಡೆ ಒದಗಿಸಿದ ಈ ಶಾಲೆಗಳ ಹಿರಿಮೆಯನ್ನು ಅಲ್ಲಗಳೆಯಲಾಗದು. ಜಾತಿ, ನಂಟಸ್ತಿಕೆ, ಊರಿನ ಗೌಡನ ಶಿಫಾರಸು ಯಾವುದೂ ನಡೆಯದ ಪ್ರವೇಶ ಪರೀಕ್ಷೆ ಅವುಗಳ ಬಾಗಿಲು. ಪರೀಕ್ಷೆಗೆ ಮತ್ಸರವಿಲ್ಲ, ಅದು ಅದರ ಗುಣ. ಪರೀಕ್ಷೆಗೆ ರುಚಿಯೂ ಇಲ್ಲ. ಅದು ಅದರ ಮಿತಿ. ರಾಜಶೇಖರನ ನಾಲ್ವರಲ್ಲಿ ಯಾರೂ ಅಲ್ಲದ ಐದನೆಯ ಭಾವಕ ಅದು.

ನವೋದಯದ ಆರನೆಯ ತರಗತಿಯ ಆಯ್ಕೆ ಪರೀಕ್ಷೆಯ ರಚನೆಯನ್ನು ಒಂದು ಪಠ್ಯವಾಗಿ ಓದಿದರೆ ಈ ಮಿತಿ ಸ್ಪಷ್ಟವಾಗುತ್ತದೆ. ಎರಡು ಗಂಟೆ, 80 ಪ್ರಶ್ನೆ. ಅರ್ಧದಷ್ಟು ತೂಕ ಆಕೃತಿಗಳನ್ನಾಧರಿಸಿದ ಮಾನಸಿಕ ಸಾಮರ್ಥ್ಯಕ್ಕೆ, ಕಾಲುಭಾಗ ಗಣಿತಕ್ಕೆ, ಕಾಲುಭಾಗ ಭಾಷೆಗೆ. ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದೆಂಬುದು ದೊಡ್ಡ ಸೌಲಭ್ಯ. ಆದರೆ ಬರೆಯುವುದು ಒಂದೇ ಭಾಷೆಯಲ್ಲಿ. ಭಾಷಾ ವಿಭಾಗವು ಕೊಟ್ಟ ಗದ್ಯಭಾಗವನ್ನು ಓದಿ ಉತ್ತರಿಸುವ ಸಾಮರ್ಥ್ಯವನ್ನು ಕೇಳುತ್ತದೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ ಕಥೆಯನ್ನು ಬೀದಿಯಲ್ಲಿ ತೆಲುಗಿನಲ್ಲಿ ಹೇಳಬಲ್ಲ, ಅಜ್ಜಿಗೆ ಬ್ಯಾಂಕಿನ ಕಾಗದವನ್ನು ಓದಿ ಕನ್ನಡದಲ್ಲಿ ತಿಳಿಸಬಲ್ಲ, ಒಂದು ಭಾಷೆಯ ಗಾದೆಗೆ ಇನ್ನೊಂದರಲ್ಲಿ ಜೋಡಿ ಹುಡುಕಬಲ್ಲ ಹತ್ತು ವರ್ಷದ ಮಗುವಿನ ಜಾಣ್ಮೆಗೆ ಈ 80 ಪ್ರಶ್ನೆಗಳಲ್ಲಿ ಒಂದು ಅಂಕದ ಎಡೆಯೂ ಇಲ್ಲ. ಗಡಿಸೀಮೆಯಲ್ಲಿ ಪ್ರತಿಭೆ ಎದ್ದು ಕಾಣಬಹುದಾದ ಜಾಗವೇ ಇದು. ಆಯ್ಕೆಯ ಕಣ್ಣು ಅದೇ ಜಾಗದಲ್ಲಿ ಮುಚ್ಚಿದೆ.

ಪರೀಕ್ಷೆಗೆ ಹೋಗುವ ಮೊದಲಿನ ಐದು ವರ್ಷಗಳೂ ಮುಖ್ಯ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಮಡಕಶಿರ, ರಾಯದುರ್ಗ, ಡಿ. ಹಿರೇಹಾಳಿನ ಕಡೆಗಳಲ್ಲಿ ಕನ್ನಡ ಶಾಲೆಗಳ ಪರಂಪರೆಯಿದೆ. ಆದರೆ ಅವನ್ನು ಕುರಿತ ಚರ್ಚೆಯೆಲ್ಲ ಉಳಿವಿನ ಭಾಷೆಯಲ್ಲಿ ನಡೆಯುತ್ತದೆ: ಶಾಲೆ ಉಳಿಯುವುದೇ, ಪಠ್ಯಪುಸ್ತಕ ಬರುವುದೇ, ಶಿಕ್ಷಕರು ಇರುವರೇ. ಈ ಪ್ರಶ್ನೆಗಳು ತುರ್ತಿನವು. ಆದರೂ ಅಲ್ಪಸಂಖ್ಯಾತ ಭಾಷೆಯ ಶಾಲೆಯನ್ನು ಕೇವಲ ಹಕ್ಕಿನ ವಿಷಯವಾಗಿ, ಹಿಂದುಳಿದವರಿಗೆ ಮಾಡುವ ಉಪಕಾರವಾಗಿ ಕಾಣುವವರಿಗೆ ಅಲ್ಲಿ ಅಸಾಧಾರಣ ಮಗುವೊಂದು ಕುಳಿತಿರಬಹುದೆಂಬ ಯೋಚನೆಯೇ ಬರುವುದಿಲ್ಲ. ಕೊರತೆಯನ್ನು ಹುಡುಕಲು ಹೊರಟ ಕಣ್ಣಿಗೆ ಕೊರತೆಯೇ ಕಾಣುತ್ತದೆ.

'ಕವಿರಾಜಮಾರ್ಗ'ದಲ್ಲಿ ಓದದೆಯೇ ಕಾವ್ಯಪ್ರಯೋಗ ಬಲ್ಲ ನಾಡವರನ್ನು ಹೊಗಳುವ ಪದ್ಯವನ್ನು ಕನ್ನಡದ ಸಭೆಗಳು ಮರೆಯದೆ ಉದ್ಧರಿಸುತ್ತವೆ. ಅದರ ಬೆನ್ನಿಗೇ ಬರುವ ಪದ್ಯ ಅಷ್ಟು ಕೇಳಿಬರುವುದಿಲ್ಲ. ಉಳಿದವರೂ ತಮ್ಮ ತಮ್ಮ ನುಡಿಯ ಮಟ್ಟಿಗೆ ಜಾಣರೇ ಎಂದೂ ಚಿಕ್ಕ ಮಕ್ಕಳು ಕೂಡ ತಿಳಿಸಿದರೆ ವಿವೇಕವನ್ನು ಅರಿಯಬಲ್ಲರೆಂದೂ ಅದರ ಆಶಯ. ಹೊಗಳಿಕೆಯ ಪದ್ಯ ನಾಡಿನ ಹೆಮ್ಮೆಗೆ ಒದಗುತ್ತದೆ. ಈ ಎರಡನೆಯದು ಶಿಕ್ಷಣದ ತತ್ತ್ವವೊಂದನ್ನು ಹೇಳುತ್ತದೆ. ಜಾಣತನಕ್ಕೆ ಒಂದು ನುಡಿ ಬೇಕು, ತಿಳಿಸುವವರೊಬ್ಬರು ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಮಗುವಿನ ವಿವೇಕ ಹೊರಗೆ ತೋರದು.

ಹಾಗಾದರೆ ಕಲ್ಯಾಣದುರ್ಗದ ಇಂದಿನ ಕನ್ನಡದ ಹುಡುಗಿಗೆ, 1912ರ ಮೈಸೂರು ತೆಲುಗಿನ ಹುಡುಗನಿಗೆ ಒದಗಿಸಿದಂಥ ಮನೆ ಎಲ್ಲಿದೆ? ಈ ಪ್ರಶ್ನೆಗೆ ಆಂಧ್ರದ ಸಂಸ್ಥೆಗಳು ಮಾತ್ರವಲ್ಲ, ಕರ್ನಾಟಕದವೂ ಉತ್ತರಿಸಬೇಕು. ಮೈಸೂರು ತನ್ನ ಗಡಿಯಾಚೆಯ ಹುಡುಗನಿಗೆ ಅವನ ಭಾಷೆಯಲ್ಲೇ ಒಂದು ಪೀಠ ಕೊಟ್ಟಿತು. ಗಡಿಯಾಚೆಯ ಕನ್ನಡದ ಮಗುವಿಗೆ ಇಂದಿನ ಕನ್ನಡನಾಡು ಕೊಡುವುದು ಬಹುಮಟ್ಟಿಗೆ ರಾಜ್ಯೋತ್ಸವದ ಭಾಷಣ. ಬೇಕಾದದ್ದು ಇನ್ನೊಂದು ಪುರಸ್ಕಾರವಲ್ಲ. ಎರಡು ಭಾಷೆಗಳಲ್ಲೂ ನುರಿತ ಶಿಕ್ಷಕ, ಎರಡೂ ಭಾಷೆಗಳಲ್ಲಿ ಮಗು ಏನು ಮಾಡಬಲ್ಲದೆಂದು ವರ್ಷಗಳ ಕಾಲ ನೋಡಿ ಬರೆದಿಡುವ ರೂಢಿ, ಒಂದು ದಿನದ ಎರಡು ಗಂಟೆಯ ಜೊತೆಗೆ ಆ ಬರಹಕ್ಕೂ ಬೆಲೆ ಕೊಡುವ ಆಯ್ಕೆ: ಇವು ದುಬಾರಿಯಾದ ಬೇಡಿಕೆಗಳಲ್ಲ. ಇವಕ್ಕೆ ಹಣಕ್ಕಿಂತ ಭಾವಯಿತ್ರಿ ಪ್ರತಿಭೆ ಹೆಚ್ಚು ಬೇಕು. ಅದನ್ನು ಬೆಳೆಸುವುದು ಶಿಕ್ಷಕ ತರಬೇತಿಯ ಕೆಲಸ, ದ್ವಿಭಾಷಿಕ ಸಂಶೋಧನೆಯ ಕೆಲಸ ಕೂಡ.

ಕೊಡಿಗೇನಹಳ್ಳಿಯ ಹೆಸರು ಶಾಸನಗಳ 'ಕೊಡಗಿ' ಎಂಬ ಮಾತನ್ನು ನೆನಪಿಗೆ ತರುತ್ತದೆ. ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಯ್ದುಕೊಂಡು ಬರುವವರಿಗೆ ಬಿಟ್ಟುಕೊಟ್ಟ ಭೂಮಿ ಕೊಡಗಿ. ಅದು ಬರಿಯ ದಾನವಲ್ಲ. ಕೆರೆಯ ಹೂಳೆತ್ತುವ, ಏರಿ ಭದ್ರಪಡಿಸುವ ಹೊಣೆ ಅದರ ಜೊತೆಗೇ ಬರುತ್ತಿತ್ತು. ಮಗುವಿನ ಪ್ರತಿಭೆಯನ್ನು ದೈವದ ಕೊಡುಗೆಯೆಂದು ಹೊಗಳುವವರು ಈ ಹಳೆಯ ಪದವನ್ನು ನೆನೆಯುವುದು ಒಳಿತು. ಕೊಟ್ಟ ನೆಲಕ್ಕೆ ನೀರು ಬರಬೇಕಾದರೆ ಕೆರೆಯನ್ನು ಯಾರಾದರೂ ಕಾಯಬೇಕು. ಈ ಸೀಮೆಯಲ್ಲಿ ಆ ಕೆರೆಗೆ ಎರಡು ತೂಬುಗಳಿವೆ. ಒಂದನ್ನು ಮುಚ್ಚಿ ಇನ್ನೊಂದರಿಂದ ಇಡೀ ಬಯಲಿಗೆ ನೀರುಣಿಸುತ್ತೇವೆಂಬ ಲೆಕ್ಕ ತಪ್ಪು ಲೆಕ್ಕ.